ಗಾಳಿಯನ್ನು ಕೇಳಿ ಟೆಂಟ್ ಕೊಳ್ಳಬೇಕು

ಅಕ್ಕಾ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿರೋ ಮಗ ಒಬ್ಬನೇ ಬೆಟ್ಟ ಹತ್ತಿ ಟೆಂಟಲ್ಲಿ ಮಲಗ್ತಾನಂತೆ ಅಂತ ಇಷ್ಟು ಗಾಬರಿ ಯಾಕೆ? ಅಲ್ಲಿ ಅದು ಕದ್ದು ಮಾಡೋ ಕೆಲಸ ಅಲ್ಲ. ನಮ್ಮ ಕುಮಾರಪರ್ವತದ ಮೇಲೆ ರಾತ್ರಿ ಉಳಿಯೋಕೆ ಅರಣ್ಯ ಇಲಾಖೆಯವರು ಬಿಡೋದಿಲ್ಲ, ಸರಿ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣೆ ಕಾಯ್ದೆಯೇ ಆ ಹಕ್ಕು ಕೊಟ್ಟಿದೆ. ಮನೆಯಂಗಳ, ಬೆಳೆ ಇರೋ ಹೊಲ ಬಿಟ್ಟು ದೂರ ಹೋಗಬೇಕು, ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿ ಮೀರಬಾರದು, ಏಳುವಾಗ ಒಂದು ಚೂರು ಕಸ ಉಳಿಸಬಾರದು. ಲಾಕ್ ಲೋಮಂಡ್ ಸರೋವರದ ದಂಡೆಯ ಕಡೆ ಮಾತ್ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಬಹಳ ಕಡೆ ಪರ್ಮಿಟ್ ಬೇಕು. ಇಂಗ್ಲೆಂಡಿಗೆ ಇಳಿದರೆ ಡಾರ್ಟ್‌ಮೂರ್ ಅನ್ನೋ ಗುಡ್ಡಗಾಡು ಬಿಟ್ಟು ಬೇರೆ ಕಡೆ ಸಾಮಾನ್ಯವಾಗಿ ಜಮೀನಿನವರನ್ನ ಕೇಳಲೇಬೇಕು. ಆ ಡಾರ್ಟ್‌ಮೂರಿನ ಹಕ್ಕಿಗೂ ಜನ ಸುಪ್ರೀಂ ಕೋರ್ಟಿನ ತನಕ ಹೋರಾಡಿ 2025ರಲ್ಲಿ ಗೆದ್ದರು. ಎಷ್ಟು ಒಳ್ಳೇದಾಯ್ತು ಅಂತೀನಿ!

ಏನಂದ್ರಿ, ಅರ್ಧ ಕಿಲೋ ಟೆಂಟ್ ನೋಡಿಟ್ಟಿದಾನಾ? ಅಲ್ಲೇ ನನಗೆ ಯೋಚನೆ. ಹಗುರ ಬೇಕು ನಿಜ, ಒಬ್ಬನೇ ಹೊರೋನು, ಭಾರ ಹಂಚಿಕೊಳ್ಳೋಕೆ ಜೊತೆಗಾರ ಇಲ್ಲ. ಆದರೆ ಆ ದೇಶದ ಬೆಟ್ಟದಲ್ಲಿ ಟೆಂಟ್ ಆರಿಸೋದು ತಕ್ಕಡಿ ಅಲ್ಲ, ಗಾಳಿ. ಅಲ್ಲಿ ಎತ್ತರಕ್ಕೆ ಹೋದರೆ ಮರ ಅನ್ನೋದೇ ಇಲ್ಲ, ಮರೆ ಎಲ್ಲಿಂದ ಬರಬೇಕು? ಅದಕ್ಕೆ ಟೆಂಟ್ ತಗ್ಗಾಗಿರಬೇಕು, ಹೊರಬಟ್ಟೆ ನೆಲದ ಹತ್ತಿರದವರೆಗೂ ಬರಬೇಕು, ಕಟ್ಟೋ ಹಗ್ಗಗಳು ಸಾಕಷ್ಟಿರಬೇಕು. ನನ್ನ ಕೇಳಿದರೆ ಒಂದು ಕಿಲೋದಿಂದ ಒಂದೂವರೆ ಕಿಲೋ ಒಳಗಿಂದು ಸಾಕು. ಅದಕ್ಕಿಂತ ಹಗುರ ಬೇಕಂದ್ರೆ ಮೊದಲು ಬ್ಯಾಗಲ್ಲಿರೋ ಬೇರೆ ಸಾಮಾನು ಕಮ್ಮಿ ಮಾಡ್ಲಿ.

ತೂಕದ ಲೆಕ್ಕಾನೂ ಹುಷಾರಾಗಿ ನೋಡಬೇಕು. ಎಷ್ಟೋ ಕಂಪನಿಯವರು ಬರೆಯೋ ತೂಕದಲ್ಲಿ ಗೂಟ, ಚೀಲ ಸೇರಿರಲ್ಲ. ಕೆಲವು ಟೆಂಟಿಗೆ ಕಂಬಾನೇ ಇರಲ್ಲ, ನಡೆಯೋಕೆ ಹಿಡ್ಕೊಳೋ ಟ್ರೆಕ್ಕಿಂಗ್ ಕೋಲೇ ಕಂಬ. ಆ ಕೋಲು ಹೇಗೂ ಒಯ್ಯೋನಾದ್ರೆ ಅದು ನಿಜವಾದ ಉಳಿತಾಯ. ಇಲ್ಲಾಂದ್ರೆ ಕೋಲಿನ ತೂಕಾನೂ ಟೆಂಟಿನ ಲೆಕ್ಕಕ್ಕೇ ಸೇರಿಸಬೇಕು.

ಇನ್ನೊಂದು ಮಾತು, ಇದನ್ನ ಮರೀದೆ ಹೇಳಿ. ಕೆಲವು ಟೆಂಟಿಗೆ ಮೊದಲು ಒಳಗಿನ ಜಾಲರಿ ಕಟ್ಟಿ, ಆಮೇಲೆ ಹೊರಬಟ್ಟೆ ಹೊದಿಸಬೇಕು. ಮಳೆ ಸುರಿಯೋವಾಗ ಹಾಗೆ ಕಟ್ಟಿದ್ರೆ ಮಲಗೋ ಜಾಗ ಮೊದಲೇ ನೆನೆದು ಹೋಗುತ್ತೆ. ಸ್ಕಾಟ್ಲೆಂಡಿನ ಮಳೆಗೆ ಹೊರಬಟ್ಟೆ ಮೊದಲು ಏಳಬೇಕು, ಇಲ್ಲ ಎರಡೂ ಒಟ್ಟಿಗೆ ಏಳಬೇಕು. ಸ್ವೀಡನ್ನಿನ ಹಿಲ್ಲೆಬರ್ಗ್‌ನವರ ಆಕ್ಟೋ ಅನ್ನೋ ಒಬ್ಬರ ಟೆಂಟ್ ಹೀಗೇ ಒಟ್ಟಿಗೆ ನಿಲ್ಲುತ್ತೆ, ಕಮಾನಿನಂಥ ಒಂದೇ ಕಂಬ. ಒಂದೂವರೆ ಕಿಲೋ ದಾಟುತ್ತೆ, ಬೆಲೆನೂ ಜಾಸ್ತಿ. ಆದರೂ ಅಂಥದ್ದರೊಳಗೆ ಮಲಗಿದ್ದಾನೆ ಅಂದ್ರೆ ನಾನಾದ್ರೆ ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ.

ಬಟ್ಟೆನಾ? ಸಿಲಿಕಾನ್ ಸವರಿದ ನೈಲಾನ್ ಗಟ್ಟಿ. ಆದರೆ ನೀರು ಕುಡಿದು ಒದ್ದೆ ಪಂಚೆ ಥರ ಜೋತುಬೀಳುತ್ತೆ, ನಡುರಾತ್ರಿ ಎದ್ದು ಹಗ್ಗ ಬಿಗಿ ಮಾಡಬೇಕು. ಪಾಲಿಯೆಸ್ಟರ್ ಅಷ್ಟು ಸಡಿಲ ಆಗಲ್ಲ. ಡೈನೀಮಾ ಅಂತ ಒಂದಿದೆ, ನೀರು ಹೀರೋದೇ ಇಲ್ಲ, ಬಹಳ ಹಗುರ, ಬೆಲೆ ಮಾತ್ರ ಎದೆ ಝಲ್ ಅನ್ನಿಸುತ್ತೆ. ಒಂದೇ ಪದರದ ಟೆಂಟಾದ್ರೆ ಉಸಿರಿನ ತೇವವೆಲ್ಲ ಗೋಡೆಗೆ ಕೂತು ಬೆಳಗಾಗೋ ಹೊತ್ತಿಗೆ ತೊಟ್ಟಿಕ್ಕುತ್ತೆ. ಅಲ್ಲಿಗೆ ಎರಡು ಪದರದ್ದೇ ಲೇಸು, ಗಾಳಿ ಕಿಂಡಿ ಚಳಿಯಾದ್ರೂ ತೆರೆದೇ ಇರಲಿ.

ಜಾಲರಿ ವಿಷಯ ಬಂತು ನೋಡಿ. ಸ್ಕಾಟ್ಲೆಂಡಿನ ಬೆಟ್ಟಸೀಮೆ ಹೈಲ್ಯಾಂಡ್ಸ್ ಕಡೆ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಿಜ್ ಅನ್ನೋ ನುಸಿ ಹಿಂಡುಹಿಂಡಾಗಿ ಬಂದು ಕಚ್ಚುತ್ತೆ. ಸೊಳ್ಳೆಗಿಂತ ಎಷ್ಟೋ ಚಿಕ್ಕದು, ದೊಡ್ಡ ಕಣ್ಣಿನ ಜಾಲರಿಯಲ್ಲಿ ಸಲೀಸಾಗಿ ನುಗ್ಗುತ್ತೆ, ಸಣ್ಣ ಕಣ್ಣಿಂದೇ ಬೇಕು. ಗಾಳಿ ಬೀಸಿದ್ರೆ ಅದು ಹಾರಲ್ಲ. ಅದಕ್ಕೇ ಬೇಸಿಗೆಯ ಸಂಜೆ ಪೂರಾ ಮರೆಯಾದ ತಗ್ಗು ಹುಡುಕಬಾರದು, ಸ್ವಲ್ಪ ಗಾಳಿಯಾಡೋ ದಿಣ್ಣೆ ನೋಡಬೇಕು. ನುಸಿಗೆ ಹೆದರಿ ಬಾಗಿಲು ಮುಚ್ಚಿ ಒಳಗೆ ಸ್ಟವ್ ಹಚ್ಚೋ ಕೆಲಸ ಮಾತ್ರ ಬೇಡ ಅಂತ ಕಟ್ಟುನಿಟ್ಟಾಗಿ ಹೇಳಿ ಅಕ್ಕಾ. ಬೆಂಕಿಯ ಮಾತು ಹಾಗಿರಲಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಗೊತ್ತಾಗೋದ್ರೊಳಗೆ ಪ್ರಜ್ಞೆ ಹೋಗಿರುತ್ತೆ.

ಅವನು ಆರಡಿ ಹತ್ತಿರ ಇದ್ದಾನಲ್ವಾ? ಹಾಗಾದ್ರೆ ಆನ್‌ಲೈನಲ್ಲಿ ತರಿಸೋ ಮುಂಚೆ ಅಂಗಡಿಗೆ ಹೋಗಿ ಒಳಗೆ ಉದ್ದಕ್ಕೆ ಮಲಗಿ ನೋಡ್ಲಿ. ಸ್ಲೀಪಿಂಗ್ ಬ್ಯಾಗ್ ದಪ್ಪ ಇರುತ್ತೆ, ತಲೆಗೂ ಕಾಲಿಗೂ ಗೋಡೆ ತಾಗಿದ್ರೆ ತುದಿ ನೆನೆದು ಮೈ ಗಡಗಡ ಅನ್ನುತ್ತೆ. ಎಂಟತ್ತು ಇಂಚು ಹೆಚ್ಚು ಉದ್ದದ್ದು ಸಿಕ್ಕಿದ್ರೆ ನೂರು ಗ್ರಾಂ ಜಾಸ್ತಿಯಾದ್ರೂ ಅದನ್ನೇ ತಗೊಳ್ಳಲಿ.