ದಂಪತಿ ಸಂಚಾರ ಮೀಮಾಂಸೆ, ಅಥವಾ ಬೆನ್ನುಚೀಲವೂ ನಾಲ್ಕು ದೇಶಗಳೂ

ಗಂಡ ಹೆಂಡತಿ ಬೆನ್ನಿಗೆ ಚೀಲ ಏರಿಸಿಕೊಂಡು ಹಲವು ದೇಶ ಸುತ್ತುವುದನ್ನು ಶಾಸ್ತ್ರದಲ್ಲಿ ‘ದಂಪತಿ ಸಂಚಾರ’ ಎನ್ನುತ್ತಾರೆ. ಯಾವ ಶಾಸ್ತ್ರದಲ್ಲಿ ಎಂದು ಕೇಳಿದರೆ, ಈ ಶಾಸ್ತ್ರದಲ್ಲಿ. ಇದಕ್ಕೆ ಮೂರು ಲಕ್ಷಣಗಳು: ಚೀಲವಿರಬೇಕು, ಗಡಿ ದಾಟಬೇಕು, ದಾರಿ ಕೇಳುವ ವಿಚಾರದಲ್ಲಿ ಇಬ್ಬರಿಗೂ ಒಮ್ಮತ ಇರಕೂಡದು. ಮೊದಲೆರಡು ಇದ್ದು ಮೂರನೆಯದು ಇಲ್ಲದಿದ್ದರೆ ಅದನ್ನು ಕಳ್ಳಸಾಗಣೆ ಎನ್ನಬಹುದು, ಸಂಚಾರ ಎನ್ನಲಾಗದು.

ಇದುವರೆಗೆ ಈ ವಿಷಯದಲ್ಲಿ ತಲೆ ಕೆಡಿಸಿಕೊಂಡವರೆಲ್ಲ ಪ್ಯಾರಿಸ್ಸು, ಬಾಲಿ, ಬ್ಯಾಂಕಾಕುಗಳಲ್ಲೇ ಸುತ್ತಾಡಿ ಸುಸ್ತಾದರು. ಪ್ರಸ್ತುತ ಅಧ್ಯಯನದ ಕ್ಷೇತ್ರ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ದೇಶಗಳು. ಅಧ್ಯಯನಕ್ಕೆ ಒಳಪಟ್ಟ ದಂಪತಿ ಬೆಂಗಳೂರು ನಿವಾಸಿಗಳು. ಯುರೋಪಿನ ವೀಸಾ ಅವರಿಗೆ ಸಿಗಲಿಲ್ಲವಾದ್ದರಿಂದ, ಕೊಂಡುಬಿಟ್ಟಿದ್ದ ಚೀಲಕ್ಕೆ ಏನಾದರೂ ಗತಿ ಕಾಣಿಸಲೇಬೇಕಾಗಿ ಬಂದು ಈ ಸಂಶೋಧನೆ ಹುಟ್ಟಿತು. ಜ್ಞಾನಶಾಖೆಗಳು ಸಾಮಾನ್ಯವಾಗಿ ಹುಟ್ಟುವುದೇ ಹೀಗೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಂತು, ‘ಇವು ದೇಶಗಳಲ್ಲ, ತಾಲ್ಲೂಕುಗಳು’ ಎನ್ನುತ್ತಾರೆ. ಪೂರ್ವಪಕ್ಷದವರಿಗೆ ಇತಿಹಾಸ ಗೊತ್ತಿಲ್ಲ. ಚನ್ನಪಟ್ಟಣ ವಿಜಯನಗರದ ಕೊನೆಗಾಲದಲ್ಲಿ ಜಗದೇವರಾಯನ ರಾಜಧಾನಿಯಾಗಿತ್ತು. 1630ರಲ್ಲಿ ಅದು ಮೈಸೂರಿನ ಪಾಲಾಯಿತು. ಅತ್ತ 1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಬೆಂಗಳೂರನ್ನು ಕಿತ್ತುಕೊಂಡಾಗ ಕೆಂಪೇಗೌಡರ ವಂಶ ಮಾಗಡಿಗೆ ಬಂದು ಆಳಿತು. 1728ರಲ್ಲಿ ಮೈಸೂರಿನ ಸೈನ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ಗೆಲ್ಲುವ ತನಕ, ಅಂದರೆ 90 ವರ್ಷ, ಚನ್ನಪಟ್ಟಣದಿಂದ ಮಾಗಡಿಗೆ ನೆಂಟರ ಮನೆಗೆ ಹೊರಟವನು ವಿದೇಶ ಪ್ರಯಾಣವನ್ನೇ ಮಾಡುತ್ತಿದ್ದ. ವೀಸಾ ಅಧಿಕಾರಿಗಳು ಅಂದು ಬರ್ಚಿ ಹಿಡಿದಿರುತ್ತಿದ್ದರು ಎಂಬುದಷ್ಟೇ ವ್ಯತ್ಯಾಸ.

ಇನ್ನೊಂದು ಪ್ರಮಾಣ ಇದಕ್ಕಿಂತ ಗಟ್ಟಿ. ಹಲವು ದೇಶ ನೋಡಲು ಕಾಲು ನೋಯಿಸಿಕೊಳ್ಳಲೇಬೇಕೆಂದಿಲ್ಲ, ರಾಮನಗರದಲ್ಲಿ ಒಂದು ಜಗಲಿ ಹಿಡಿದು ಕೂತರೆ ಸಾಕು. ಟಿಪ್ಪುವಿನ ಕಾಲಕ್ಕೆ ಆ ಜಗಲಿ ಶಂಸೇರಾಬಾದಿನಲ್ಲಿತ್ತು. ಆಮೇಲೆ ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಕ್ಲೋಸ್‌ಪೇಟೆಗೆ ಹೋಯಿತು, ಅಲ್ಲಿಂದ ರಾಮನಗರಕ್ಕೆ ಬಂತು. ಜಿಲ್ಲೆಯ ಲೆಕ್ಕದಲ್ಲಿ ಬೆಂಗಳೂರಿನಿಂದ 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ, 2007ರಲ್ಲಿ ರಾಮನಗರ ಜಿಲ್ಲೆಗೆ, 2025ರಲ್ಲಿ ಬೆಂಗಳೂರು ದಕ್ಷಿಣಕ್ಕೆ ವಲಸೆ ಹೋಯಿತು. ಜಗಲಿ ಒಂದಂಗುಲ ಕದಲಲಿಲ್ಲ. ಸಿಲೋನು 1972ರಲ್ಲಿ ಶ್ರೀಲಂಕಾ ಆದದ್ದಕ್ಕೆ, ಬರ್ಮಾ 1989ರಲ್ಲಿ ಮ್ಯಾನ್ಮಾರ್ ಆದದ್ದಕ್ಕೆ ಲೋಕವೆಲ್ಲ ನಕ್ಷೆ ತಿದ್ದಿತು. ನಮ್ಮ ಜಗಲಿಯ ಯಜಮಾನರು ಆಧಾರ್ ಕಾರ್ಡು ತಿದ್ದಿಸಲು ಸರದಿಯಲ್ಲಿ ನಿಲ್ಲುತ್ತಾರೆ. ಗಾತ್ರ ಬೇರೆಯಾದರೂ ವಿಧಿ ಒಂದೇ. ಹೀಗೆ ಪೂರ್ವಪಕ್ಷ ಖಂಡಿತವಾಯಿತು.

ವಲಸೆ ತಪಾಸಣೆ ನಡೆಯುವುದು ಬಸ್ಸಿನೊಳಗೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ಟಿನಲ್ಲಿ ಗಡಿ ದಾಟಬಹುದು. ಗಂಡನಿಗೆ ಆ ಸೌಲಭ್ಯವಿಲ್ಲ.

‘ಆಧಾರ್ ತೋರ್ಸಕ್ಕ’ ಎಂದ ಕಂಡಕ್ಟರ್ ನೋಡಿ, ತಲೆಯಾಡಿಸಿ, ಟಿಕೆಟ್ ಹರಿದ. ಮುಂದೆ ಗಂಡನ ಕಡೆ ತಿರುಗಿ, ‘ಸಾರ್, ಚಿಲ್ರೆ ಕೊಡಿ.’

ಹೆಂಡತಿ ನಾಗರಿಕಳು, ಗಂಡ ವಿದೇಶೀಯ. ಒಂದೇ ಸೀಟಿನಲ್ಲಿ ಎರಡು ಪೌರತ್ವ ಕೂತ ಈ ಸ್ಥಿತಿಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಇನ್ನೂ ಹೆಸರಿಟ್ಟಿಲ್ಲ.

ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನದೆ ರಾಮನಗರ ದೇಶಕ್ಕೆ ಪ್ರವೇಶವಿಲ್ಲ. ಇದು ಲಿಖಿತ ನಿಯಮವಲ್ಲ, ಬ್ರಿಟನ್ನಿನ ಸಂವಿಧಾನದಂತೆ ರೂಢಿ. ಆದರೆ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ ಮೂರನ್ನೂ ಬೈಪಾಸಿನಲ್ಲಿ ತಪ್ಪಿಸಿಕೊಂಡು ಹೋಗುವುದರಿಂದ, ಕಾರಿನವರಿಗೆ ಈಗ ಎರಡು ದೇಶಗಳು ಕಿಟಕಿಯಾಚೆಯ ಫಲಕಗಳಾಗಿ ಮಾತ್ರ ಉಳಿದಿವೆ. ಅಂಥವರು ಮೈಸೂರು ನೋಡಿ ಬಂದೆವು ಎನ್ನುತ್ತಾರೆ. ಎರಡು ದೇಶ ನೋಡದೆ ಬಂದೆವು ಎಂದು ಯಾರೂ ಹೇಳುವುದಿಲ್ಲ.

ಇನ್ನು ಚೀಲ. ಸಂಚಾರ ಸಾಹಿತ್ಯದಲ್ಲಿ ಇದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಪ್ರಸ್ತುತ ಚೀಲದಲ್ಲಿ ಪುಳಿಯೋಗರೆ, ಚಕ್ಕುಲಿ, ನಿಂಬೆ ಉಪ್ಪಿನಕಾಯಿ, ವಿಕ್ಸ್ ಡಬ್ಬಿ, ಯುರೋಪಿಗೆಂದು ಕೊಂಡ ಎರಡು ಸ್ವೆಟರು, ಮಳೆ ಕೋಟು, ಒಂದು ಖಾಲಿ ಚೀಲ ಇದ್ದವು. ಖಾಲಿ ಚೀಲ ಯಾಕೆಂದು ಗಂಡ ಕೇಳಿದ. ‘ಬರೋವಾಗ ಬೇಕಾಗುತ್ತೆ’ ಎಂಬ ಉತ್ತರ ಬಂತು. ಅರ್ಥಶಾಸ್ತ್ರಜ್ಞರು ಮುನ್ನೋಟದ ಹೂಡಿಕೆ ಎಂದು ಕರೆಯುವುದು ಇದನ್ನೇ ಇರಬೇಕು.

ಚೀಲ ಹೊರುವವರು ಯಾರು ಎಂಬ ಪ್ರಶ್ನೆಗೆ ರಾಮದೇವರ ಬೆಟ್ಟದಲ್ಲಿ ಆಕರ ಸಿಗುತ್ತದೆ. ವನವಾಸದಲ್ಲಿ ಸೀತಾರಾಮರು ಇಲ್ಲಿ ತಂಗಿದ್ದರೆಂಬುದು ಸ್ಥಳೀಯ ಪ್ರತೀತಿ. ನಾಡು ನಾಡು ದಾಟಿದ ಆದ್ಯ ದಂಪತಿ ಅವರೇ. ನಾರುಬಟ್ಟೆ, ಬಿಲ್ಲು, ಗೆಡ್ಡೆ ಗೆಣಸು. ವಿದ್ವಾಂಸರು ಈವರೆಗೆ ಗಮನಿಸದೆ ಬಿಟ್ಟ ಅಂಶವೆಂದರೆ, ಆ ಸಂಚಾರ ಸುಸೂತ್ರವಾಗಿ ನಡೆದದ್ದು ಜೊತೆಗೊಬ್ಬ ಮೈದುನ ಇದ್ದುದರಿಂದ. ಎಲೆಮನೆ ಕಟ್ಟಿದವನು ಅವನು, ರಾತ್ರಿ ಕಾವಲು ಕೂತವನು ಅವನು, ಬೈಸಿಕೊಂಡವನೂ ಅವನೇ. ಪ್ರಸ್ತುತ ಪ್ರಬಂಧಕಾರ ಕ್ಷೇತ್ರಕಾರ್ಯದ ಉದ್ದಕ್ಕೂ ಹಾಜರಿದ್ದುದರ ಕಾರಣವನ್ನು ಇಲ್ಲೇ ಹೇಳಿಬಿಡುವುದು ವಿದ್ವತ್ ಪ್ರಾಮಾಣಿಕತೆ: ಮೇಲೆ ವಿವರಿಸಿದ ಗಂಡ ನನ್ನ ಅಣ್ಣ, ಹೆಂಡತಿ ನನ್ನ ಅತ್ತಿಗೆ, ಚೀಲ ನನ್ನ ಬೆನ್ನಿನ ಮೇಲಿತ್ತು.

ಇದೇ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಮಾಡುವ ಈ ಬಂಡೆಗಳ ಮೇಲೆಯೇ ರಮೇಶ್ ಸಿಪ್ಪಿ ‘ಶೋಲೆ’ ತೆಗೆದರು. 1975ರ ಆಗಸ್ಟ್ 15ರಂದು ಸಿನಿಮಾ ಬಿಡುಗಡೆಯಾಗಿ ರಾಮನಗರಕ್ಕೆ ರಾಮಗಢ ಎಂಬ ಇನ್ನೊಂದು ಪೌರತ್ವ ಸಿಕ್ಕಿತು. ‘ಗಬ್ಬರ್ ಕೂತಿದ್ದ ಬಂಡೆ ಯಾವುದು?’ ಎಂದು ಅಣ್ಣ ಹುಡುಗನೊಬ್ಬನನ್ನು ಕೇಳಿದ. ಹುಡುಗ ಒಂದನ್ನು ತೋರಿಸಿದ. ಸ್ವಲ್ಪ ಮೇಲೆ ಸಿಕ್ಕ ಹಿರಿಯರು ಬೇರೊಂದು ತೋರಿಸಿದರು. ಅಣ್ಣ ಎರಡರ ಮುಂದೆಯೂ ಫೋಟೊ ತೆಗೆಸಿಕೊಂಡ. ಅತ್ತಿಗೆ ನೋಡಿದ್ದು ಹದ್ದುಗಳನ್ನು. ಬಂಡೆಗಳ ಜಾತಿ ಕ್ಲೋಸ್‌ಪೇಟೆ ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ ಎಂದು ನಾನು ಅಡಿಟಿಪ್ಪಣಿಯ ಧಾಟಿಯಲ್ಲಿ ಹೇಳಿದೆ. ‘ಗಬ್ಬರ್ ಕೂತಿದ್ದು ಆಮೇಲೆ ತಾನೆ’ ಎಂದರು ಅತ್ತಿಗೆ. ಕಾಲಗಣನೆಯ ಮಟ್ಟಿಗೆ ಇದು ನಿರ್ವಿವಾದ.

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನಮ್ಮನ್ನು ಯಾರೂ ಗಣ್ಯ ಮಾಡಲಿಲ್ಲ. ಹರಾಜು ನಡೆಯುವ ಜಾಗದಲ್ಲಿ ಚೀಲ ಹೊತ್ತವನು ಕಂಡರೆ ‘ಗೂಡು ಎಷ್ಟು ಕೆಜಿ?’ ಎಂದಷ್ಟೇ ಕೇಳುತ್ತಾರೆ. ಸ್ವೆಟರು ಎಂದರೆ ಮುಂದಿನ ಪ್ರಶ್ನೆ ಬರುವುದಿಲ್ಲ.

ಚನ್ನಪಟ್ಟಣದ ವಿಷಯದಲ್ಲಿ ನನಗಿಂತ ಮೊದಲು ಬಂದ ಸಂಶೋಧಕ ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆ ಸುತ್ತಿದ ಈ ವೈದ್ಯ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ, ಗಾಜಿನ ಬಳೆ, ಬಿಳಿ ಸಕ್ಕರೆ ತಯಾರಾಗುವುದನ್ನು ಬರೆದಿಟ್ಟ. ಕೆಲಸ ಚೊಕ್ಕ, ವಿಧಾನದಲ್ಲಿ ಮಾತ್ರ ದೋಷ. ಹೆಂಡತಿ ಜೊತೆಗಿರಲಿಲ್ಲ. ಬಳೆ ಎಂದು ಬರೆದು ಮುಂದಿನ ಊರಿಗೆ ನಡೆಯುವ ಪ್ರವಾಸಿ, ಬಳೆ ಅಂಗಡಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಮೂಲಭೂತ ಮಾಹಿತಿಯನ್ನೇ ಕಳೆದುಕೊಂಡ. ಸರ್ಕಾರಿ ಖರ್ಚಿನ ಸಂಶೋಧನೆಯ ಹಣೆಬರಹ ಇದು.

ನಾವು ಹೋದದ್ದು ಬೊಂಬೆ ಮಾಡುವಲ್ಲಿಗೆ. ಆಲೆಮರದ ತುಂಡು ಯಂತ್ರದಲ್ಲಿ ಗಿರಗಿರನೆ ತಿರುಗುತ್ತದೆ. ಉಳಿಯಲ್ಲಿ ರೂಪ ಬಂದಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿ ಇಲ್ಲ, ಕುಂಚ ಇಲ್ಲ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಎಲೆಯಲ್ಲಿ ಉಜ್ಜಿದರೆ ಮುಖ ಕಾಣುವಂಥ ಹೊಳಪು. ಬವಾಸ್ ಮಿಯಾನ್ ಅವರನ್ನು ಈ ಕಸುಬಿನ ಪಿತಾಮಹ ಎಂದು ಈಗಲೂ ನೆನೆಯುತ್ತಾರೆ. ಅತ್ತಿಗೆ ಬಹಳ ಹೊತ್ತು ನೋಡುತ್ತ ನಿಂತಿದ್ದು, ‘ನೋಡಿದ್ರಾ, ತಿಕ್ಕಾಟ ಇಲ್ದೆ ಬಣ್ಣ ಹತ್ತಲ್ಲ’ ಎಂದರು. ಅಣ್ಣ ಇದನ್ನು ಕರಕುಶಲದ ಬಗೆಗಿನ ಮಾತೆಂದೇ ತಿಳಿದು ತಲೆದೂಗಿದ. ವ್ಯಾಖ್ಯಾನಶಾಸ್ತ್ರದಲ್ಲಿ ಇಂಥ ಓದುಗರಿಗೆ ಸಹೃದಯ ಎನ್ನುತ್ತಾರೆ.

ಖಾಲಿ ಚೀಲ ತೆರೆದದ್ದು ಇಲ್ಲೇ. ಮರದ ಕುದುರೆ ಅದರಲ್ಲಿ ಹಿಡಿಸಲಿಲ್ಲ. ಆದ್ದರಿಂದ ಸ್ವೆಟರುಗಳು ಖಾಲಿ ಚೀಲಕ್ಕೆ ಹೋಗಿ, ಕುದುರೆ ನನ್ನ ಬೆನ್ನೇರಿ, ಮುಖ ಮಾತ್ರ ಹೊರಗೆ ಹಾಕಿಕೊಂಡು ಕನಕಪುರದ ತನಕ ಸವಾರಿ ಮಾಡಿತು. ಮನುಷ್ಯನ ಮೇಲೆ ಕುದುರೆ ಕೂತು ಗಡಿ ದಾಟಿದ ದಾಖಲೆ ಜಗದೇವರಾಯನ ಕಾಲದಲ್ಲೂ ಇರಲಾರದು. ಸಾತನೂರಿನಲ್ಲಿ ಬಸ್ಸು ಹತ್ತಿದ ಅಜ್ಜಿಯೊಬ್ಬರು ಅದರ ಮೂತಿ ಸವರಿ, ‘ಪಾಪ, ನೀರ್ ಕುಡ್ಸುದ್ರಾ?’ ಎಂದರು. ಪ್ರಶ್ನೆ ಕುದುರೆಯ ಬಗೆಗೋ ನನ್ನ ಬಗೆಗೋ ಸ್ಪಷ್ಟವಾಗಲಿಲ್ಲ.

ಹಿಂದೆ ಕಾನಕಾನಹಳ್ಳಿಯಾಗಿದ್ದ ಕನಕಪುರ ಈ ನಾಲ್ಕರಲ್ಲಿ ನಿಜವಾದ ಗಡಿ ಇರುವ ದೇಶ. ಸಂಗಮದಲ್ಲಿ ಅರ್ಕಾವತಿ ಬಂದು ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಮೇಕೆದಾಟಿನಲ್ಲಿ, ಅಷ್ಟು ದೊಡ್ಡ ಕಾವೇರಿ ಮೇಕೆಯೂ ಹಾರಬಹುದೆಂಬ ನಂಬಿಕೆ ಹುಟ್ಟಿಸುವಷ್ಟು ಕಿರಿದಾದ ಕಲ್ಲಿನ ಸಂದಿಯಲ್ಲಿ ನುಗ್ಗುತ್ತದೆ. ಇಲ್ಲಿ ಅಣೆಕಟ್ಟು ಕಟ್ಟುವ ಬಗ್ಗೆ ಕರ್ನಾಟಕಕ್ಕೂ ತಮಿಳುನಾಡಿಗೂ ಇರುವ ಜಗಳ ಯಾವ ಅಂತರರಾಷ್ಟ್ರೀಯ ವ್ಯಾಜ್ಯಕ್ಕೂ ಕಡಿಮೆಯದಲ್ಲ. 2022ರ ಜನವರಿ 9ರಂದು ಸಂಗಮದಿಂದಲೇ ಕಾಂಗ್ರೆಸ್ಸಿನವರ ಪಾದಯಾತ್ರೆ ಹೊರಟಿತ್ತು. ನಮ್ಮ ಶಾಸ್ತ್ರದಲ್ಲಿ ಅದು ಪ್ರತಿಸ್ಪರ್ಧಿ ಪಂಥ: ನಡಿಗೆ ಇದೆ, ಗುರಿ ಇದೆ, ಬೆನ್ನುಚೀಲವನ್ನು ಮಾತ್ರ ಬೇರೆಯವರು ಹೊರುತ್ತಾರೆ. ಆ ಮಟ್ಟಿಗೆ ಅದು ನನ್ನ ಅಣ್ಣನ ಪಂಥವೂ ಹೌದು.

ಕಾವೇರಿ ವನ್ಯಧಾಮದ ಆನೆಗಳು ರಾಜ್ಯದ ಗಡಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಿರಿಯ ಹೆಣ್ಣಾನೆ ಮುಂದೆ, ಉಳಿದವು ಹಿಂದೆ, ದಾರಿಯ ಬಗ್ಗೆ ಚರ್ಚೆ ಇಲ್ಲ. ಅವು ಹೊಲಕ್ಕೆ ಇಳಿದ ರಾತ್ರಿ ರಾಗಿಯೂ ಉಳಿಯುವುದಿಲ್ಲ, ಬಾಳೆಯೂ ಉಳಿಯುವುದಿಲ್ಲ. ರೈತರ ಪಾಲಿಗೆ ಇದರಲ್ಲಿ ಅಣಕಕ್ಕೆ ಜಾಗವಿಲ್ಲವಾದ್ದರಿಂದ ಪ್ರಬಂಧ ಇಲ್ಲಿ ಮುಂದಕ್ಕೆ ಹೋಗುತ್ತದೆ. ಹಾರೋಹಳ್ಳಿ ಕನಕಪುರದಿಂದ ಬೇರೆಯಾಗಿ ಐದನೆಯ ದೇಶವಾಗಿದೆ. ಅದನ್ನು ಮಾನ್ಯ ಮಾಡುವ ಬಗ್ಗೆ ಅಣ್ಣ ಅತ್ತಿಗೆಯರಲ್ಲಿ ಮಾತುಕತೆ ಮುರಿದುಬಿದ್ದ ಕಾರಣ ಭೇಟಿ ಕೈಬಿಡಲಾಯಿತು.

ಮಾಗಡಿಗೆ ರೈಲು ಇಲ್ಲ. ಕನಕಪುರಕ್ಕೂ ಇಲ್ಲ. ಆದ್ದರಿಂದ ಮರಳಿ ರಾಮನಗರ, ಅಲ್ಲಿಂದ ಇನ್ನೊಂದು ಬಸ್ಸು, ಇನ್ನೊಮ್ಮೆ ಆಧಾರ್, ಇನ್ನೊಮ್ಮೆ ಚಿಲ್ಲರೆ. ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ, ಒಂದೇ ಕಲ್ಲಿನಂತೆ ನಿಂತ ಬೆಟ್ಟ. ಕಾರ್ನ್‌ವಾಲಿಸನ ಸೈನ್ಯ 1791ರ ಡಿಸೆಂಬರ್ 21ರಂದು ಈ ಕೋಟೆಯನ್ನು ಹಿಡಿಯಿತು. ಅವನ ಹತ್ತಿರ ಫಿರಂಗಿ ಇತ್ತು, ಅಣ್ಣನ ಹತ್ತಿರ ಹೊಸ ಶೂ ಇತ್ತು. ಅರ್ಧ ಬಂಡೆಯಲ್ಲಿ ಶೂ ಜಾರತೊಡಗಿ, ಅಣ್ಣ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ಅತ್ತಿಗೆ ಮೊದಲಿಂದಲೂ ಬರಿಗಾಲಲ್ಲೇ ಇದ್ದರು. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಮರಬಾರ್ ಗುಹೆಗಳಿಗಾಗಿ ಈ ಸೀಮೆಯ ಬಂಡೆಗಳನ್ನೇ ಆರಿಸಿಕೊಂಡದ್ದನ್ನು ವಿವರಿಸುವಷ್ಟು ಉಸಿರು ನನಗೆ ಉಳಿದಿರಲಿಲ್ಲ. ಅಧ್ಯಯನದ ಮಿತಿಗಳಲ್ಲಿ ಇದನ್ನು ಸೇರಿಸಿಕೊಳ್ಳತಕ್ಕದ್ದು.

ಕೊನೆಯ ಕ್ಷೇತ್ರ ಕೆಂಪಾಪುರ. ಕೆಂಪೇಗೌಡರ ಸಮಾಧಿ 2015ರಲ್ಲಿ ಬೆಳಕಿಗೆ ಬಂದದ್ದು ಈ ಹಳ್ಳಿಯಲ್ಲೇ. ಸಮಾಧಿ ನೋಡಿ ಹೊರಬಂದು ನಿಂತಾಗ, ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಕುದುರೆಯನ್ನೂ ನಮ್ಮನ್ನೂ ನೋಡಿ, ‘ಯಾವ್ ಕಡೆಯೋರು?’ ಎಂದರು.

‘ಬೆಂಗಳೂರು, ತಾತ’ ಎಂದ ಅಣ್ಣ. ‘ನಾಲ್ಕು ದೇಶ ಸುತ್ಕೊಂಡು ಬರ್ತಾ ಇದ್ದೀವಿ. ನಿಮ್ದು ಕೊನೇದು.’

‘ಅದ್ಯಾಕ್ ಬ್ಯಾರೆ ದೇಸ ಆಯ್ತದೆ? ನಿಮ್ ಬೆಂಗ್ಳೂರ್ ಕಟ್ಸಿದ್ದೇ ಇಲ್ ಮಲ್ಗವ್ರಲ್ಲ, ಅವ್ರು. ನೀವೆಲ್ಲೂ ಹೋಗೇ ಇಲ್ಲ ಕಣಪ್ಪ, ಮನೆಗ್ ಬಂದಿದ್ದೀರಿ.’

1537ರಲ್ಲಿ ಬೆಂಗಳೂರು ಕಟ್ಟಿದಾಗಿನಿಂದ ಇದ್ದ ಆಧಾರವನ್ನು ನನ್ನ ಇಡೀ ಸಿದ್ಧಾಂತ ಮರೆತಿತ್ತು. ಆದರೂ ಬಿಡದೆ, ಈಗ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೆಸರಾಗಿದೆಯಲ್ಲ, ಅದರ ಬಗ್ಗೆ ತಮ್ಮ ಅಭಿಪ್ರಾಯವೇನು ಎಂದು ಕೇಳಿದೆ.

‘ಹೆಸ್ರು ಇಡೋದೇ ಆಗಿದ್ರೆ ಬೆಂಗ್ಳೂರ್ಗೆ ಮಾಗಡಿ ಪೂರ್ವ ಅಂತ ಇಡ್ಬೇಕಾಗಿತ್ತು’ ಎಂದು ಅವರು ಬೀಡಿಗೆ ಕಡ್ಡಿ ಗೀರಿದರು.

‘ಬರ್ಕೊಳಪ್ಪ’ ಎಂದರು ಅತ್ತಿಗೆ.