ದಂಡ ಮೀಮಾಂಸೆ: ಕೊಯಮತ್ತೂರಿನ ಒಂದು ರಸಪ್ರಶ್ನೆಯ ಮೇಲೆ ಭಾಷ್ಯ

ಶಾಸ್ತ್ರಗ್ರಂಥ ಬರೆಯುವವರು ಮೊದಲು ಗಣಪತಿಗೆ ಕೈಮುಗಿಯುತ್ತಾರೆ, ಆಮೇಲೆ ಹಿಂದಿನ ಪಂಡಿತರನ್ನು ಬೈಯುತ್ತಾರೆ. ನನಗೆ ಎರಡನೆಯ ಭಾಗ್ಯವಿಲ್ಲ. ದೊಣ್ಣೆವರಸೆಯನ್ನೂ ಅಪರಾಧ ಕಾನೂನನ್ನೂ ಒಂದೇ ಪ್ರಶ್ನೆಪತ್ರಿಕೆಗೆ ತುರುಕಿದ ಪೂರ್ವಾಚಾರ್ಯರು ಎಷ್ಟು ಹುಡುಕಿದರೂ ಸಿಗಲಿಲ್ಲ. ಆದ್ದರಿಂದ ಈ ಶಾಸ್ತ್ರದ ಆದಿಕರ್ತೃವೂ ನಾನೇ, ಮೊದಲ ಆರೋಪಿಯೂ ನಾನೇ.

ಘಟನೆಯ ಸ್ಥಳ ಕೊಯಮತ್ತೂರು, ರಾಜಬೀದಿಯ ಹಿಂದಿನ ಸಂದಿಯಲ್ಲಿರುವ ಒಂದು ಛತ್ರ. ಸಮಯ ವಿಜಯದಶಮಿಯ ಮರುದಿನ ಸಂಜೆ. ಹಿಂದಿನ ದಿನವಷ್ಟೇ ರಾಮಲಿಂಗ ಚೌಡೇಶ್ವರಿಯ ಮೆರವಣಿಗೆ ಮುಗಿದಿತ್ತು. ನಮ್ಮ ದೇವಾಂಗರ ಹುಡುಗರು, ಆ ದಿನದ ಮಟ್ಟಿಗೆ ವೀರಕುಮಾರರು, ಎದೆಗೂ ತೋಳಿಗೂ ಕತ್ತಿ ಹೊಡೆದುಕೊಳ್ಳುತ್ತ ತಾಯಿಯನ್ನು ಕರೆತಂದಿದ್ದರು. ಗಾಯಕ್ಕೆ ಮೆತ್ತಿದ ಭಂಡಾರ ಇನ್ನೂ ಪೂರ್ತಿ ಉದುರಿರಲಿಲ್ಲ. ಸ್ಪರ್ಧಿಯೊಬ್ಬನ ಮೊಣಕೈಯಿಂದ ಉತ್ತರದ ಹಾಳೆಯ ಮೇಲೆ ಹಳದಿ ಪುಡಿ ಬೀಳುತ್ತಿತ್ತು. ಅವನು ಅದನ್ನು ಊದಿ ಊದಿ ಬರೆಯುತ್ತಿದ್ದ.

"ನಮ್ಮ ಹುಡುಗರಿಗೆ ನಾಲ್ಕು ಅಕ್ಷರ ತಲೆಗೆ ಹೋಗೋ ಹಾಗೆ ಒಂದು ಕ್ವಿಜ್ ಮಾಡಪ್ಪಾ" ಎಂದವರು ದೊಡ್ಡಪ್ಪ. ಹುಡುಗರಿಗೆ ಇಷ್ಟ ಕೋಲು, ದೊಡ್ಡಪ್ಪನಿಗೆ ಇಷ್ಟ ಕೋರ್ಟು. ಎರಡನ್ನೂ ಸೇರಿಸಿದೆ. ನೇಕಾರರ ಮನೆಯ ಸ್ಪರ್ಧೆಯಾದ್ದರಿಂದ ಒಂದು ತಂಡಕ್ಕೆ ಹಾಸು, ಇನ್ನೊಂದಕ್ಕೆ ಹೊಕ್ಕು ಎಂದು ಹೆಸರಿಟ್ಟೆ. ಹೊಕ್ಕು ತಂಡದವರು ತಿರುಪ್ಪೂರಿನಿಂದ ಬಂದ ನೆಂಟರು, ಎಲ್ಲರೂ ಬನಿಯನ್ ಕಂಪನಿಯವರು. ತಿರುಪ್ಪೂರು 2009ರಲ್ಲೇ ಬೇರೆ ಜಿಲ್ಲೆಯಾಯಿತು, ಆದರೆ ಊಟದ ಪಂಕ್ತಿಯಲ್ಲಿ ಆ ಗಡಿಯನ್ನು ಯಾರೂ ಇನ್ನೂ ಒಪ್ಪಿಕೊಂಡಿಲ್ಲ. ತೀರ್ಪುಗಾರರು ಇಬ್ಬರು: ಸಿಲಂಬಂ ಎಂಬ ದೊಣ್ಣೆವರಸೆ ಕಲಿಸುವ ಒಬ್ಬ ಆಸಾನ್, ಕ್ರಿಮಿನಲ್ ಕೇಸು ನಡೆಸುವ ಒಬ್ಬ ವಕೀಲರು.

ಈಗ ಪಾಠನಿರ್ಣಯ. ಯಾವ ಶಾಸ್ತ್ರಕ್ಕೂ ಇದೇ ಮೊದಲ ಕೆಲಸ, ನನ್ನ ಶಾಸ್ತ್ರ ಮುಗ್ಗರಿಸಿದ್ದೂ ಇಲ್ಲೇ. ನಾವು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ತಿದ್ದಿದ್ದು ತಮಿಳು ಅಕ್ಷರ. ಹೀಗಾಗಿ ಪ್ರಶ್ನೆಗಳು ಕನ್ನಡದಲ್ಲಿದ್ದವು, ಲಿಪಿ ತಮಿಳಿನದು. ಆ ಲಿಪಿಯಲ್ಲಿ ತಕಾರಕ್ಕೂ ದಕಾರಕ್ಕೂ ಒಂದೇ ಅಕ್ಷರ, ಕಕಾರಕ್ಕೂ ಗಕಾರಕ್ಕೂ ಒಂದೇ. ನಾನು ಬರೆದದ್ದು "ಮೊದಲನೇ ತಂಡಕ್ಕೆ ಹತ್ತು." ಓದುವ ಹುಡುಗಿ ಮೈಕಿನಲ್ಲಿ ಓದಿದ್ದು "ಮೊದಲನೇ ದಂಡಕ್ಕೆ ಹತ್ತು." ಹಾಸು ತಂಡದ ನಾಯಕ ಜೇಬಿಗೆ ಕೈ ಹಾಕಿದ. ಇನ್ನೊಂದು ಪ್ರಶ್ನೆ: ಕಾನೂನಿನಲ್ಲಿ ಎಷ್ಟು ಬಗೆಯ ತೀವ್ರ ಗಾಯಗಳಿವೆ? ಅದು "ತೀವ್ರ ಕಾಯ" ಎಂದು ಮೊಳಗಿತು. "ತೀವ್ರ ಕಾಯ ನಮ್ಮೂರಲ್ಲಿ ಒಂದೇ" ಎಂದು ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು ನಿಂತು, ಸ್ಯಾಂಡೋ ಚಿನ್ನಪ್ಪ ತೇವರ್ ಹೆಸರು ಹೇಳಿಬಿಟ್ಟರು. ಕೊಯಮತ್ತೂರಿನ ಗರಡಿಯಲ್ಲಿ ಮೈ ಬೆಳೆಸಿ, ಮುಂದೆ ಮದ್ರಾಸಿಗೆ ಹೋಗಿ 'ಹಾಥಿ ಮೇರೆ ಸಾಥಿ' ತೆಗೆದ ನಿರ್ಮಾಪಕರ ಕಾಯ ತೀವ್ರವಾಗಿತ್ತು ಎಂಬುದನ್ನು ಯಾರು ಅಲ್ಲಗಳೆಯುತ್ತಾರೆ? ಅರ್ಧ ಅಂಕ ಕೊಟ್ಟೆವು. ಸರಿಯುತ್ತರ ಎಂಟು. ಕಣ್ಣು ಹೋದರೆ, ಕಿವಿ ಹೋದರೆ, ಮೂಳೆ ಅಥವಾ ಹಲ್ಲು ಮುರಿದರೆ ಇತ್ಯಾದಿ. ಎಂಟನೆಯದರಲ್ಲಿ ಒಂದು ದಿನಲೆಕ್ಕವಿದೆ: ಹಳೆಯ ಸಂಹಿತೆಯಲ್ಲಿ ಇಪ್ಪತ್ತು ದಿನ ನರಳಬೇಕಿತ್ತು, ಹೊಸದರಲ್ಲಿ ಹದಿನೈದು ಸಾಕು. ನರಳುವವರಿಗೆ ಸರಕಾರ ಮಾಡಿದ ಈ ಉಪಕಾರವನ್ನು ಪತ್ರಿಕೆಗಳು ಸರಿಯಾಗಿ ಎತ್ತಿ ಹೇಳಲಿಲ್ಲ.

ಆದರೆ ತಂಡ ದಂಡವಾದದ್ದು ಬರೀ ಲಿಪಿದೋಷವೆಂದು ತಳ್ಳಿಹಾಕುವಂತಿಲ್ಲ. ಈ ಶಾಸ್ತ್ರದ ಮೂಲಮಂತ್ರ ಅಲ್ಲೇ ಹೊರಬಿತ್ತು. ದಂಡ ಎಂದರೆ ಕೋಲು. ದಂಡ ಎಂದರೆ ಶಿಕ್ಷೆ. ಗರಡಿಮನೆಯಲ್ಲಿ ನೆಲಕ್ಕೆ ಬಗ್ಗಿ ಹೊಡೆಯುವುದೂ ದಂಡವೇ. ಮನೆಯಲ್ಲಿ ಅಪ್ಪ ಮಗನನ್ನು ನೋಡಿ ಹೇಳುವುದೂ ದಂಡವೇ. ಕನ್ನಡದಲ್ಲೂ ಅಷ್ಟೇ, ತಮಿಳಿನಲ್ಲೂ ಅಷ್ಟೇ. ಮಲ್ಲನನ್ನೂ ಮ್ಯಾಜಿಸ್ಟ್ರೇಟನನ್ನೂ ಮೈಗಳ್ಳನನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದ ಭಾಷೆಗೆ ರಸಪ್ರಶ್ನೆಯ ಹಂಗೇಕೆ? ಸರಕಾರ ಮಾತ್ರ ಈ ಸೊಗಸು ತಿಳಿಯದೆ 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯನ್ನು ತೆಗೆದು ಭಾರತೀಯ ನ್ಯಾಯ ಸಂಹಿತೆಯನ್ನು ತಂದಿತು. ಕಲಂಗಳು 511ರಿಂದ 358ಕ್ಕೆ ಇಳಿದವು. ನನ್ನ ಪ್ರಬಂಧದ ಶೀರ್ಷಿಕೆ ಒಂದೇ ರಾತ್ರಿಯಲ್ಲಿ ರದ್ದಾಯಿತು.

ರದ್ದಾದದ್ದು ಶೀರ್ಷಿಕೆ ಮಾತ್ರವಲ್ಲ. ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ಗೈಡಿನಿಂದ ನಾನು ಉತ್ತರಗಳನ್ನು ಇಳಿಸಿಕೊಂಡಿದ್ದೆ. ಕೊಲೆಗೆ ಯಾವ ಕಲಂ? ನನ್ನ ಹಾಳೆಯಲ್ಲಿ 302. ಭಂಡಾರ ಊದುತ್ತಿದ್ದ ಹುಡುಗ 103 ಎಂದ. ತಪ್ಪು ಎಂದೆ. ವಕೀಲರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಹುಡುಗ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾನಂತೆ, ಹೊಸ ಕಾನೂನೆಲ್ಲ ಅವನಿಗೆ ಬಾಯಿಪಾಠ. ಅವನಿಗೆ ಹತ್ತು ಅಂಕ, ನನಗೆ ಮೊದಲನೇ ದಂಡ: ಛತ್ರದಲ್ಲಿದ್ದವರಿಗೆಲ್ಲ ಟೀ.

ಮರ್ಯಾದೆ ಉಳಿಸಿಕೊಳ್ಳಲು ಇತಿಹಾಸಕ್ಕೆ ಕೈ ಹಾಕಿದೆ. ದಂಡ ಸಂಹಿತೆಯ ಕರಡು ಬರೆದ ಮೆಕಾಲೆ 1834ರಲ್ಲಿ ಮದ್ರಾಸಿನಲ್ಲಿ ಇಳಿದು, ಪಲ್ಲಕ್ಕಿಯಲ್ಲಿ ಬೆಂಗಳೂರು, ಮೈಸೂರುಗಳನ್ನು ದಾಟಿ ಊಟಿಗೆ ಹೋಗಿ ಗವರ್ನರ್-ಜನರಲ್ ಬೆಂಟಿಂಕನನ್ನು ಕಂಡ. ಕೆಲವು ತಿಂಗಳು ಅಲ್ಲೇ ಉಳಿದ. ಮೆಟ್ಟುಪಾಳ್ಯದಿಂದ ಬೆಟ್ಟ ಹತ್ತುವ ಪ್ರವಾಸಿಗಳಿಗೆ ಸಂಹಿತೆಯನ್ನು ಅವನು ಊಟಿಯಲ್ಲೇ ಕೂತು ಬರೆದ ಎಂಬ ಕಥೆ ಉಚಿತವಾಗಿ ಸಿಗುತ್ತದೆ. ಲೆಕ್ಕ ಹಾಕಿದರೆ ತಾಳೆಯಾಗುವುದಿಲ್ಲ. ಕಾನೂನು ಆಯೋಗ ಕೂಡಿದ್ದು 1835ರಲ್ಲಿ, ಕರಡು ಒಪ್ಪಿಸಿದ್ದು 1837ರಲ್ಲಿ, ಅದು ಜಾರಿಗೆ ಬಂದದ್ದು 1862ರ ಜನವರಿ 1ರಂದು. ಆದರೂ ಕಾನೂನು ಬರೆಯುವ ಮುಂಚೆ ಅವನು ಕನ್ನಡ ನೆಲದ ಮೇಲೆ ಹಾದುಹೋದದ್ದು ದಿಟವಾದ್ದರಿಂದ, ಸಂಹಿತೆಗೆ ಕನ್ನಡದ ವಾಸನೆ ಹತ್ತಿದೆ ಎಂಬ ಸಿದ್ಧಾಂತವನ್ನು ಮಂಡಿಸಿದೆ. ಅದನ್ನು ಯಾರೂ ಖಂಡಿಸಲಿಲ್ಲ. ಆ ಹೊತ್ತಿಗೆ ಟೀ ಬಂದಿತ್ತು.

ವರಸೆಯ ವಿಭಾಗದಲ್ಲಿ ಜಗತ್ತಿನ ಎಲ್ಲ ಪ್ರಶ್ನೆಗಾರರಿಗೂ ಪ್ರಿಯವಾದದ್ದೊಂದಿದೆ: ಕರಾಟೆಯಲ್ಲಿ ಕಪ್ಪು ಬೆಲ್ಟ್ ಪಡೆದವನು ತನ್ನ ಕೈಗಳನ್ನು ಮಾರಕಾಸ್ತ್ರವೆಂದು ಪೊಲೀಸ್ ಠಾಣೆಯಲ್ಲಿ ನೋಂದಾಯಿಸಬೇಕೆ? ಹೊಕ್ಕು ತಂಡ ಒಕ್ಕೊರಲಿನಿಂದ ಹೌದು ಎಂದಿತು. ಅವರಲ್ಲೊಬ್ಬ ಕಂದು ಬೆಲ್ಟಿನಲ್ಲೇ ನಿಲ್ಲಿಸಿದ್ದು ಈ ಭಯಕ್ಕಂತೆ. ನಮ್ಮ ದೇಶದಲ್ಲಿ ಅಂಥ ಕಾನೂನಿಲ್ಲ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಶಾಸನದಲ್ಲಿ ಮಾತ್ರ ಕರಾಟೆ, ಜೂಡೊ ಪರಿಣತರು ಹೆಸರು ನೋಂದಾಯಿಸಬೇಕೆಂಬ ಅಧ್ಯಾಯವಿದೆ. ಇಲ್ಲಿನ ಕಾನೂನು ಬೆಲ್ಟಿನ ಬಣ್ಣ ಕೇಳುವುದಿಲ್ಲ. ಆತ್ಮರಕ್ಷಣೆಗೆ ಎಷ್ಟು ಏಟು ಬೇಕಿತ್ತೋ ಅಷ್ಟೇ ಕೊಟ್ಟೆಯಾ, ಒಂದು ಹೆಚ್ಚು ಕೊಟ್ಟೆಯಾ ಎಂದು ಕೇಳುತ್ತದೆ. ಅದನ್ನು ಕೋರ್ಟುಗಳು ಚಿನ್ನದ ತಕ್ಕಡಿಯಲ್ಲಿ ತೂಗುವುದಿಲ್ಲ ಎಂದು ವಕೀಲರು ಸಮಾಧಾನ ಹೇಳಿದರು. ಆಸಾನ್ ತಲೆಯಾಡಿಸಿ, ನಮ್ಮಲ್ಲೂ ಕೋಲಿಗಿಂತ ಮೊದಲು ಕಾಲಡಿ ಕಲಿಸುವುದು ಇದಕ್ಕೇ ಎಂದರು. ಎಲ್ಲಿ ನಿಂತಿದ್ದೀ ಎಂಬುದು ಗೊತ್ತಿಲ್ಲದವನು ಎಷ್ಟು ಹೊಡೆಯಬೇಕೆಂದು ಹೇಗೆ ತಿಳಿದಾನು? ಈ ಇಬ್ಬರು ಅಲ್ಲಿಯ ತನಕ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ನನ್ನ ಹಾಳೆಯಲ್ಲಿದ್ದದ್ದು "ಹೌದು, ಅಲ್ಲ" ಎಂಬ ಎರಡೇ ಚೌಕ.

ಜಿಂಕೆಕೊಂಬಿನ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ಯಾರಿಗೂ ಹೊಡೆಯದೆಯೇ ಜೈಲಿಗೆ ಕಳಿಸಬಲ್ಲ ಆಯುಧ ಯಾವುದು? ಸಿಲಂಬಂ ಪರಂಪರೆಯ ಮಾನ್ ಕೊಂಬು, ಕೃಷ್ಣಮೃಗದ ಎರಡು ಕೊಂಬು ಜೋಡಿಸಿ ಮಾಡುತ್ತಿದ್ದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಪ್ರಮಾಣಪತ್ರವಿಲ್ಲದೆ ಅದನ್ನು ಮನೆಯಲ್ಲಿಟ್ಟರೇ ಕೇಸು. ಆಸಾನ್ ತಮ್ಮದು ಕಬ್ಬಿಣದ್ದು ಎಂದು ಕೇಳದೆಯೇ ಹೇಳಿದರು.

ಇನ್ನು ಪ್ರಧಾನ ಪ್ರಮೇಯ: ದೊಣ್ಣೆ ಮತ್ತು ಮಾತು. ಮೆಕಾಲೆಯ ಉದಾಹರಣೆಗಳಲ್ಲಿ 'ಎ' ಎಂಬಾತ ಮತ್ತು 'ಝಡ್' ಎಂಬಾತ ಇದ್ದಾರೆ. 'ಎ'ಯಂಥ ಪಾಪಿಯನ್ನು ನಾನು ಕಂಡಿಲ್ಲ. ಕಳ್ಳತನ, ಕೊಲೆ, ಸುಲಿಗೆ, ಮೋಸ ಎಲ್ಲ ಅವನದೇ. 'ಝಡ್' ಪಾಪದವನು, ಪುಟಪುಟಕ್ಕೂ ಸಾಯುತ್ತಾನೆ, ಮುಂದಿನ ಪುಟದಲ್ಲಿ ಮತ್ತೆ ಏಟಿಗೆ ಸಿದ್ಧ. ಹಲ್ಲೆಯ ಕಲಂನಲ್ಲಿ 'ಎ' ಒಂದು ದೊಣ್ಣೆ ಎತ್ತಿಕೊಂಡು ಹೊಡೀತೀನಿ ಎನ್ನುತ್ತಾನೆ. ಬರೀ ದೊಣ್ಣೆ ಎತ್ತಿದರೆ ಹಲ್ಲೆಯಾಗದಿರಬಹುದು, ಬರೀ ಮಾತಾಡಿದರೆ ಎಂದೂ ಹಲ್ಲೆಯಲ್ಲ. ಮಾತು ಬಂದು ದೊಣ್ಣೆಗೆ ಅರ್ಥ ಕೊಟ್ಟರೆ ಹಲ್ಲೆಯಾಗಬಹುದು. ಹಳೆಯ 351, ಹೊಸ 130. ಅಲಂಕಾರಶಾಸ್ತ್ರದವರು ಶಬ್ದಕ್ಕೂ ಅರ್ಥಕ್ಕೂ ಇರುವ ನಂಟಿನ ಬಗ್ಗೆ ಸಾವಿರ ವರ್ಷ ಜಗಳವಾಡಿದರು. ಮೆಕಾಲೆ ಒಂದು ದೊಣ್ಣೆಯಲ್ಲಿ ಮುಗಿಸಿದ.

ಇಷ್ಟಾದರೂ ಆ ಇಬ್ಬರು ಒಂದು ಕಡೆ ಸ್ನೇಹದಿಂದಿದ್ದಾರೆ. ಹಳೆಯ 87, ಹೊಸ 25. ಅಲ್ಲಿ 'ಎ' ಮತ್ತು 'ಝಡ್' ಮೋಜಿಗೆಂದು ಕತ್ತಿವರಸೆ ಆಡಲು ಒಪ್ಪುತ್ತಾರೆ. ಮೋಸವಿಲ್ಲದೆ ಆಡುವಾಗ 'ಝಡ್'ಗೆ ಪೆಟ್ಟಾದರೆ ಅಪರಾಧವಿಲ್ಲ. ಅಪರಾಧ ಕಾನೂನು ವರಸೆಗೆ ಮಣೆ ಹಾಕಿದ ಜಾಗ ಇದು. ಅದಕ್ಕೊಂದು ಷರತ್ತು, ಒಪ್ಪಿಗೆ ಕೊಡುವವನಿಗೆ ಹದಿನೆಂಟು ತುಂಬಿರಬೇಕು. ಆಸಾನ್ ಪ್ರಾತ್ಯಕ್ಷಿಕೆಗೆಂದು ಇಬ್ಬರು ಹುಡುಗರನ್ನು ಕರೆದಾಗ ವಕೀಲರು ಕೈ ಅಡ್ಡ ಹಿಡಿದು ವಯಸ್ಸು ಕೇಳಿದರು. ಹದಿನೈದು, ಹದಿನೇಳು. ಸಭೆಯಲ್ಲಿ ಹದಿನೆಂಟು ತುಂಬಿದ್ದು ಎಲ್ಲರಿಗೂ ಖಚಿತವಾಗಿ ಕಾಣುತ್ತಿದ್ದವರು ನಾನು ಮತ್ತು ನನ್ನ ಭಾವ.

ಸಿಲಂಬಂ ಕೋಲು ಆಡುವವನ ಹಣೆಯ ತನಕ ಬರಬೇಕು. ನನ್ನದು ಗಲ್ಲಕ್ಕೆ ನಿಂತಿತು, ಭಾವನದು ತಲೆ ಮೀರಿತು. ಗುರುತು ಬೀಳಲೆಂದು ತುದಿಗೆ ಭಂಡಾರವನ್ನೇ ಹಚ್ಚಿದರು. ಭಾವ ಕೋಲು ಎತ್ತಿ, "ಹೋದ ದೀಪಾವಳಿಯ ಲೆಕ್ಕ ಇನ್ನೂ ಇದೆ ಕಣಪ್ಪಾ" ಎಂದರು. ವಕೀಲರು ಬರೆದುಕೊಂಡರು: ದೊಣ್ಣೆ ಇದೆ, ಮಾತೂ ಇದೆ. ಮೂರನೆಯ ಸುತ್ತಿನಲ್ಲಿ ನನ್ನ ಬಲಗೈ ತೋರುಬೆರಳಿನ ಉಗುರು ಹೋಯಿತು. ಮೇಲ್ಮನವಿ ಸಲ್ಲಿಸಿದೆ, ವಜಾ ಆಯಿತು. ಒಪ್ಪಿ ಆಡಿದ್ದು, ಮೋಸವಿರಲಿಲ್ಲ, ಉಗುರು ಮೂಳೆಯೂ ಅಲ್ಲ ಹಲ್ಲೂ ಅಲ್ಲ. ದೀಪಾವಳಿಯ ಲೆಕ್ಕ ಸಿವಿಲ್ ವ್ಯಾಜ್ಯವಂತೆ.

ಆಗ ಭಂಡಾರದ ಹುಡುಗ ಒಂದು ಉಪಪ್ರಶ್ನೆ ಎತ್ತಿದ. ನನ್ನ ಹಾಳೆಯಲ್ಲಿ ಅದಿರಲಿಲ್ಲ. "ಅಣ್ಣಾ, ನಿನ್ನೆ ನಾವು ನಮಗೇ ಹೊಡ್ಕೊಂಡ್ವಲ್ಲ, ಅದಕ್ಕೆ ಯಾವ ಸೆಕ್ಷನ್?" ಆರೋಪಿ, ದೂರುದಾರ, ಸಾಕ್ಷಿ ಮೂವರೂ ಒಬ್ಬನೇ ಆದರೆ ಜಾಮೀನು ಕೊಡುವವರು ಯಾರು ಎಂದು ವಕೀಲರು ಮರುಪ್ರಶ್ನೆ ಹಾಕಿ ತಪ್ಪಿಸಿಕೊಂಡರು. ಕತ್ತಿಯ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟರು. ಆಯುಧ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿ, ಬಾಕುಗಳಿವೆ. ಮನೆಗೆಲಸಕ್ಕೆ, ಬೇಸಾಯಕ್ಕೆಂದು ಮಾಡಿದ ಅಲಗು ಅದರಲ್ಲಿ ಸೇರುವುದಿಲ್ಲ. ಪೊಳ್ಳಾಚಿಯ ತೆಂಗಿನ ತೋಟದ ಮಚ್ಚು ಎಷ್ಟು ಉದ್ದವಿದ್ದರೂ ಬೇಸಾಯಗಾರ. ದೇವಿಯ ಸೇವೆಗೆ ಮಾಡಿದ ಅಲಗು ಯಾವ ಪಂಗಡ? ವಕೀಲರು ಟೀ ಲೋಟ ಹುಡುಕಿದರು.

ಕೊನೆಯ ಪ್ರಶ್ನೆಯನ್ನು ಸುಲಭವಿರಲಿ ಎಂದು ಇಟ್ಟಿದ್ದೆ. 1932ರ ಜನವರಿ 10ರಂದು ತಿರುಪ್ಪೂರಿನಲ್ಲಿ ಪೊಲೀಸರ ಲಾಠಿ ತಲೆಯ ಮೇಲೆ ಬಿದ್ದರೂ ಕೈಯ ಕೋಲನ್ನು ಬಿಡದವರು ಯಾರು? ಎರಡೂ ತಂಡ ಒಟ್ಟಿಗೆ ಕೂಗಿತು: ಕೊಡಿ ಕಾತ್ತ ಕುಮರನ್, ಎಂದರೆ ಬಾವುಟ ಕಾಯ್ದ ಕುಮರನ್. ಆ ಕೋಲಿನ ತುದಿಯಲ್ಲಿ ಬಾವುಟವಿತ್ತು. ಚೆನ್ನಿಮಲೆಯಲ್ಲಿ ಹುಟ್ಟಿದ, ನೇಕಾರರ ಮನೆಯ ಹುಡುಗ. ಮರುದಿನ ತೀರಿಕೊಂಡಾಗ 27 ವರ್ಷ. ಆಸಾನ್ ಎದ್ದು ನಿಂತು, "ಅವರ ಕೈಯಲ್ಲೂ ಕೋಲೇ ಇತ್ತು, ಬೀಸಲಿಲ್ಲ" ಎಂದರು. ವಕೀಲರು ಆತ್ಮರಕ್ಷಣೆಯ ಕಲಂ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ನನ್ನ ದಂಡ ಮೀಮಾಂಸೆಯ ನಾಲ್ಕು ಅರ್ಥಗಳಲ್ಲಿ ಆ ಕೋಲು ಯಾವುದಕ್ಕೂ ಸೇರಲಿಲ್ಲ. ಎರಡೂ ತಂಡಕ್ಕೆ ಪೂರ್ತಿ ಅಂಕ.

ಹೀಗಾಗಿ ಸ್ಪರ್ಧೆ ಸಮಬಲದಲ್ಲಿ ಮುಗಿದು, ಬಹುಮಾನದ ಎವರ್‌ಸಿಲ್ವರ್ ಡಬ್ಬಿ ಯಾರಿಗೂ ಸಿಗದೆ ದೊಡ್ಡಮ್ಮನ ಅಡುಗೆಮನೆ ಸೇರಿತು. ಮುಂದಿನ ದಸರೆಗೆ ಪ್ರಶ್ನೆ ಬರೆಯುವವರು ಬೇಕಾಗಿದ್ದಾರೆ. ಹೊಸ ಸಂಹಿತೆ ಓದಿರಬೇಕು, ತಕಾರ ದಕಾರ ಬಿಡಿಸಿ ಹೇಳಲು ಬರಬೇಕು, ಹದಿನೆಂಟು ತುಂಬಿರಬೇಕು. ನನ್ನ ಗೈಡನ್ನು ಯಾರೂ ಕೇಳಬೇಡಿ, ಹಳೆ ಪೇಪರಿನವನಿಗೆ ಕೊಟ್ಟಾಗಿದೆ.