ರಜೆ ಬಂದರೆ ರೈಲು

ಊರಿಗೆ ಬಂದಾಗ ಅಕ್ಕಪಕ್ಕದವರು ಕೇಳುವ ಮೊದಲ ಮಾತೇ ಇದು: ಅಮೆರಿಕದಲ್ಲಿ ಯಾವ ಊರು ಚೆಂದ? ನ್ಯೂಯಾರ್ಕಾ, ಸ್ಯಾನ್ ಫ್ರಾನ್ಸಿಸ್ಕೋನಾ ಅಂತ ಉತ್ತರವನ್ನೂ ಅವರೇ ಮುಂದಿಡುತ್ತಾರೆ. ನಾನು ಮೆಂಫಿಸ್ ಅನ್ನುತ್ತೇನೆ. ಅದ್ಯಾವುದು, ಹೆಸರೇ ಕೇಳಿಲ್ಲವಲ್ಲ ಅಂತಾರೆ. ಅದಕ್ಕೇ ಹೇಳಬೇಕು. ಆದರೆ ಅಲ್ಲಿಗೆ ಹೋಗುವ ಮೊದಲು ಚಿಕಾಗೋದ ಮಾತು ಬರಬೇಕು, ಸ್ವಲ್ಪ ತಾಳಿಕೊಳ್ಳಿ.

ನಾನು ಓದುತ್ತಿರುವುದು ಇಲಿನಾಯ್ ರಾಜ್ಯದ ಅರ್ಬಾನಾ–ಶಾಂಪೇನ್‌ನಲ್ಲಿ. ವಿಶ್ವವಿದ್ಯಾಲಯ ದಾಟಿದರೆ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಕಾರು ಇಟ್ಟುಕೊಳ್ಳುವ ಶಕ್ತಿ ಇಲ್ಲ. ಸ್ಟೈಪೆಂಡು ಬಾಡಿಗೆಗೆ, ಅಕ್ಕಿ ಬೇಳೆಗೆ ಸರಿಹೋಗುತ್ತದೆ. ಆದರೆ ಊರ ನಡುವೆಯೇ ಒಂದು ರೈಲು ನಿಲ್ದಾಣವಿದೆ. ಮಾರ್ಚ್‌ನಲ್ಲಿ ಒಂದು ವಾರ ಸ್ಪ್ರಿಂಗ್ ಬ್ರೇಕ್, ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್, ಎರಡು ಸೆಮಿಸ್ಟರ್‌ಗಳ ನಡುವೆ ಚಳಿಗಾಲದ ರಜೆ. ಬೆನ್ನಿಗೊಂದು ಚೀಲ, ಗೆಳೆಯರ ಮನೆಯ ಹಾಲ್‌ನಲ್ಲಿ ಮಲಗಲು ಜಾಗ, ಅಷ್ಟಿದ್ದರೆ ಆ ದೇಶದ ಊರುಗಳನ್ನು ನೋಡಬಹುದು. ಕಾರಿಲ್ಲದವರಿಗೆ ಇನ್ನೂ ಚೆನ್ನಾಗಿ ಕಾಣುತ್ತವೆ ಅಂತಲೇ ನನ್ನ ನಂಬಿಕೆ. ನಡೆದರೆ ತಾನೇ ಊರು ಮಾತಾಡುವುದು?

ನಮ್ಮವರಿಗೆ ಚಿಕಾಗೋ ಅಂದರೆ ವಿವೇಕಾನಂದರು. 1893ರ ಸೆಪ್ಟೆಂಬರ್ 11ರಂದು ಅವರು ಮಾತಾಡಿದ ಕಟ್ಟಡದಲ್ಲಿ ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಇದೆ. ಎದುರಿನ ರಸ್ತೆಯ ಒಂದು ಭಾಗಕ್ಕೆ ಅವರ ಹೆಸರಿನ ಫಲಕವೂ ಇದೆ. ಅಲ್ಲಿಂದ ತುಸು ದೂರ ನಡೆದರೆ ಹಿಂದೆ ಸಿಯರ್ಸ್ ಟವರ್ ಅನ್ನುತ್ತಿದ್ದ 110 ಮಹಡಿಗಳ ಗೋಪುರ. ಅದರ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಢಾಕಾದವರು. 1952ರಲ್ಲಿ ನಾನಿರುವ ವಿಶ್ವವಿದ್ಯಾಲಯಕ್ಕೇ ಓದಲು ಬಂದವರು. ಒಂಬತ್ತು ಕೊಳವೆಗಳನ್ನು ಕಟ್ಟುಕಟ್ಟಿ ನಿಲ್ಲಿಸಿದಂಥ ಅವರ ವಿನ್ಯಾಸ 1998ರವರೆಗೂ ಪ್ರಪಂಚದ ಅತಿ ಎತ್ತರದ ಕಟ್ಟಡವೆಂಬ ಹೆಸರು ಉಳಿಸಿಕೊಂಡಿತ್ತು. ಅವರು ಹುಟ್ಟಿದ 1929ರಲ್ಲೇ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಕೂಡ ಇದೇ ಊರಿನಲ್ಲಿ ಬಾಳಿ, 1993ರಲ್ಲಿ ಇಲ್ಲೇ ತೀರಿಕೊಂಡರು. ಅವರು ಪಾಠ ಹೇಳಿದ ಚಿಕಾಗೋ ವಿಶ್ವವಿದ್ಯಾಲಯದ ರೆಗೆನ್‌ಸ್ಟೈನ್ ಗ್ರಂಥಾಲಯಕ್ಕೆ ಅಲ್ಲಿ ಓದುವ ಗೆಳತಿಯೊಬ್ಬಳು ಕರೆದೊಯ್ದಳು. ಕನ್ನಡ ಪುಸ್ತಕಗಳ ಸಾಲು ನೋಡಿ ನಾನು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಅವು ಅಲ್ಲಿಗೆ ಬಂದ ದಾರಿ ಕೇಳಿ. ಪಿಎಲ್–480 ಗೋಧಿ ನೆನಪಿದೆಯಲ್ಲ, ನಮ್ಮ ಹಿರಿಯರು ರೇಷನ್ ಅಂಗಡಿಯಲ್ಲಿ ತರುತ್ತಿದ್ದದ್ದು? ಆ ಗೋಧಿಗೆ ಭಾರತ ರೂಪಾಯಿಯಲ್ಲಿ ಕೊಟ್ಟ ಹಣದ ಒಂದು ಪಾಲಿನಿಂದ, 1962ರಿಂದ, ಅಮೆರಿಕ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ಗ್ರಂಥಾಲಯಗಳಿಗೆ ಕಳಿಸಿತು. ಹಸಿದ ದೇಶವೊಂದು ಕೊಟ್ಟ ದುಡ್ಡು ಕನ್ನಡದ ಕಥೆ ಕವನಗಳಾಗಿ ಮಿಷಿಗನ್ ಸರೋವರದ ದಡ ಸೇರಿದ್ದು ನನಗೆ ಇವತ್ತಿಗೂ ಬೆರಗು.

ಆ ಸರೋವರದ ದಡದ ಮಾತಿಗೇ ಬರುತ್ತೇನೆ. ಅಲ್ಲಿ ಸುಮಾರು 18 ಮೈಲಿ ಉದ್ದಕ್ಕೆ ನಡೆಯುವ ದಾರಿ ಇದೆ. ಟಿಕೆಟ್ ಇಲ್ಲ, ಗೇಟ್ ಇಲ್ಲ. ಅಷ್ಟು ದೊಡ್ಡ ಪೇಟೆಯ ಎದೆಯ ಮುಂದಿನ ನೆಲ, ಚಿನ್ನದ ಬೆಲೆ ಬಾಳುವಂಥದ್ದು, ಹೇಗೆ ಬರಿದಾಗಿ ಉಳಿಯಿತು? ಈ ನೆಲ ಸದಾ ಬಯಲಾಗಿಯೇ ಇರತಕ್ಕದ್ದು ಅಂತ 1836ರ ನಕ್ಷೆಯಲ್ಲಿ ಬರೆದಿದ್ದರಂತೆ. ಬರೆದದ್ದು ಉಳಿಯುತ್ತದೆಯೇ? ಕಟ್ಟಡಗಳು ಏಳಲು ಹೊರಟಾಗ ಆರನ್ ಮಾಂಟ್ಗೊಮರಿ ವಾರ್ಡ್ ಎಂಬ ವ್ಯಾಪಾರಿ ಕೋರ್ಟಿಗೆ ಹೋದ. ಒಂದಲ್ಲ, ಎರಡು ದಶಕ ಮೊಕದ್ದಮೆ ನಡೆಸಿದ. ಊರ ದೊಡ್ಡವರೆಲ್ಲ ಬೈದರು. ಅವನು ಬಿಡಲಿಲ್ಲ. ಇವತ್ತು ಭಾನುವಾರ ಸಂಜೆ ಆ ದಡದಲ್ಲಿ ಮೆಕ್ಸಿಕೋದ ಕುಟುಂಬಗಳು ಮಾಂಸ ಸುಡುತ್ತಾ, ಪೋಲೆಂಡಿನ ಅಜ್ಜಂದಿರು ಚದುರಂಗ ಆಡುತ್ತಾ ಕೂತಿರುವುದಕ್ಕೆ ಅವನ ಹಠವೂ ಒಂದು ಕಾರಣ. ಅಂದಿನಿಂದ ಯಾವ ಊರಿಗೆ ಹೋದರೂ ಮನಸ್ಸು ಇದನ್ನೇ ಹುಡುಕುತ್ತದೆ: ಇದನ್ನು ಉಳಿಸಿದವರು ಯಾರು?

ನ್ಯೂಯಾರ್ಕ್‌ನಲ್ಲಿ ಉತ್ತರ ಬೇಗ ಸಿಗುತ್ತದೆ. ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನ ನಡುವೆ ದೊಡ್ಡ ರಸ್ತೆ ಬಿಡಬೇಕೆಂದು ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿ ಪಟ್ಟು ಹಿಡಿದಿದ್ದ. ಶರ್ಲಿ ಹೇಸ್, ಜೇನ್ ಜೇಕಬ್ಸ್ ಮುಂತಾದ ಹೆಂಗಸರು 1950ರ ದಶಕದಲ್ಲಿ ಮನೆಮನೆ ಸುತ್ತಿ ತಡೆದರು. ಪೆನ್ ಸ್ಟೇಷನ್ ಎಂಬ ಭವ್ಯ ನಿಲ್ದಾಣವನ್ನು ಉಳಿಸಲಾಗಲಿಲ್ಲ, 1963ರಲ್ಲಿ ಕೆಡವಲು ಶುರುಮಾಡಿದರು. ಆ ಸಂಕಟವೇ ಮುಂದೆ ಗ್ರ್ಯಾಂಡ್ ಸೆಂಟ್ರಲ್ ಎಂಬ ಇನ್ನೊಂದು ನಿಲ್ದಾಣದ ಕೈ ಹಿಡಿಯಿತು. 1978ರಲ್ಲಿ ಸುಪ್ರೀಂ ಕೋರ್ಟ್ ಅದರ ಪರ ನಿಂತಿತು. ವಿದ್ಯಾರ್ಥಿಗಳಿಗೆ ಆ ಊರಿನಲ್ಲಿ ನಾನು ಹೇಳುವುದು ಎರಡೇ: ಸ್ಟೇಟನ್ ಐಲೆಂಡಿನ ದೋಣಿ ಹತ್ತಿ, 1997ರಿಂದ ಅದಕ್ಕೆ ಕಾಸಿಲ್ಲ, ಸ್ವಾತಂತ್ರ್ಯದೇವಿಯನ್ನು ಹೋಗುವಾಗಲೂ ಬರುವಾಗಲೂ ನೋಡಬಹುದು. ಆಮೇಲೆ 7ನೇ ನಂಬರಿನ ರೈಲು ಹಿಡಿದು ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋಗಿ. ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ. ಪರದೇಶದ ಚಳಿಯಲ್ಲಿ ಆ ಬಿಸಿ ದೋಸೆಗೆ ಬೆಲೆ ಕಟ್ಟಲಾಗದು.

ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಮ್ಯೂಸಿಯಂಗಳು ಪುಕ್ಕಟೆ, ಅದು ಎಲ್ಲರಿಗೂ ಗೊತ್ತು. ಅಮೆರಿಕದ ನೆಲವನ್ನೇ ತುಳಿಯದ ಜೇಮ್ಸ್ ಸ್ಮಿತ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿಯ ಆಸ್ತಿಯಿಂದ 1846ರಲ್ಲಿ ಆ ಸಂಸ್ಥೆ ಹುಟ್ಟಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಯೆಟ್ನಾಂ ಯುದ್ಧದ ಕರಿಗಲ್ಲಿನ ಗೋಡೆ. 58,000ಕ್ಕೂ ಹೆಚ್ಚು ಹೆಸರು. ವಿನ್ಯಾಸ ಆಯ್ಕೆಯಾದಾಗ ಮಾಯಾ ಲಿನ್‌ಗೆ 21 ವರ್ಷ, ಇನ್ನೂ ಓದುತ್ತಿದ್ದಳು. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಚೆಂದವೇ, ಇಲ್ಲವೆನ್ನಲಾರೆ. 1947ರಲ್ಲಿ ಮೇಯರ್ ಕೇಬಲ್ ಕಾರುಗಳನ್ನು ಗುಜರಿಗೆ ಹಾಕಲು ಹೊರಟಾಗ ಫ್ರೀಡೆಲ್ ಕ್ಲಸ್‌ಮನ್ ಎಂಬಾಕೆ ಊರ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದಳು, ಗೆದ್ದಳು. ಲಾಸ್ ಏಂಜಲೀಸ್‌ನಲ್ಲಿ ಅಂಥವರಿಗೆ ಗೆಲುವು ಸಿಗಲಿಲ್ಲ. ಅಷ್ಟೊಂದು ದೂರ ಹಬ್ಬಿದ್ದ ಕೆಂಪು ಟ್ರಾಮ್‌ಗಳ ಜಾಲದ ಕೊನೆಯ ದಾರಿ, ಲಾಂಗ್ ಬೀಚಿನದು, 1961ರಲ್ಲಿ ಮುಚ್ಚಿತು. ಅದೇ ಲಾಂಗ್ ಬೀಚ್‌ಗೆ 1990ರಲ್ಲಿ ಮತ್ತೆ ರೈಲು ಹಾಕಬೇಕಾಯಿತು. ಕಾರಿಲ್ಲದೆ ಅಲ್ಲಿ ಓಡಾಡುವುದು ಕಷ್ಟ, ಅದಕ್ಕಿಂತ ಹೆಚ್ಚು ಹೇಳಲು ನನಗೇನೂ ಇಲ್ಲ. ಡೆಟ್ರಾಯಿಟ್‌ಗೆ ಮಾತ್ರ ಹೋಗಲೇಬೇಕು. 2013ರಲ್ಲಿ ಊರು ದಿವಾಳಿಯಾದಾಗ ಸಾಲ ಕೊಟ್ಟವರ ಕಣ್ಣು ಮ್ಯೂಸಿಯಂನ ಚಿತ್ರಗಳ ಮೇಲೆ ಬಿತ್ತು. ದತ್ತಿ ಸಂಸ್ಥೆಗಳೂ ರಾಜ್ಯ ಸರ್ಕಾರವೂ ಸೇರಿ ಹಣ ಹೊಂದಿಸಿ ನಿವೃತ್ತರ ಪಿಂಚಣಿಗೂ ಕಲೆಗೂ ಆಸರೆಯಾದವು. ಕಲಾವಿದ ಡಿಯೇಗೋ ರಿವೇರಾ ಕಾರ್ಖಾನೆಯ ಕೂಲಿಗಳನ್ನು ಗೋಡೆ ತುಂಬ ಬರೆದ ಆ ಅಂಗಳದಲ್ಲಿ ಒಂದು ಮಧ್ಯಾಹ್ನ ಕೂತು ಬನ್ನಿ.

ಈಗ ದಕ್ಷಿಣಕ್ಕೆ. ನಮ್ಮ ಶಾಂಪೇನ್‌ಗೆ ರಾತ್ರಿ ಹತ್ತೂವರೆ ಸುಮಾರಿಗೆ ಚಿಕಾಗೋದಿಂದ ಒಂದು ರೈಲು ಬರುತ್ತದೆ, ಸಿಟಿ ಆಫ್ ನ್ಯೂ ಆರ್ಲಿಯನ್ಸ್ ಅಂತ ಹೆಸರು. ಗೂಡ್ಸ್ ಗಾಡಿಗಳಿಗೆ ದಾರಿ ಬಿಡುತ್ತಾ ತಡವಾಗುವುದೂ ಉಂಟು. ಪರವಾಗಿಲ್ಲ. ದಕ್ಷಿಣದ ಹತ್ತಿ ಹೊಲಗಳಿಂದ, ಅವಮಾನದಿಂದ, ಹೊಡೆದು ಸಾಯಿಸುವ ಗುಂಪುಗಳಿಂದ ತಪ್ಪಿಸಿಕೊಂಡು ಕರಿಯ ಜನರಲ್ಲಿ ಎಷ್ಟೋ ಮಂದಿ ಉತ್ತರಕ್ಕೆ ಬಂದದ್ದು ಈ ರೈಲುದಾರಿಯಲ್ಲೇ. 1910ರಿಂದ 1970ರವರೆಗೆ ಹಾಗೆ ದಕ್ಷಿಣ ಬಿಟ್ಟು ಹೊರಟವರು ಸುಮಾರು 60 ಲಕ್ಷ. 1943ರಲ್ಲಿ ಹೀಗೆ ಚಿಕಾಗೋಗೆ ಹೋದ ಗಾಯಕ ಮಡ್ಡಿ ವಾಟರ್ಸ್ ಜೊತೆ ಬ್ಲೂಸ್ ಸಂಗೀತವೂ ಹೋಯಿತು. ಪಕ್ಕದ ಸೀಟಿನ ಅಜ್ಜಿ ಮಿಸಿಸಿಪ್ಪಿಯ ತಂಗಿಯ ಮನೆಗೆ ಹೊರಟಿದ್ದರು. ಬಾಲ್ಯದಲ್ಲಿ ತಾಯಿ ಬುತ್ತಿ ಕಟ್ಟಿಕೊಂಡು ಇದೇ ದಾರಿಯಲ್ಲಿ ಕರೆತಂದದ್ದನ್ನು ಹೇಳುತ್ತಾ ನನಗೂ ಒಂದು ತುಂಡು ಕೇಕ್ ಕೊಟ್ಟರು.

ಬೆಳಗಿನ ಜಾವ ಮೆಂಫಿಸ್. ನಿಲ್ದಾಣದಿಂದ ನಡೆದರೆ ಕೆಲವೇ ನಿಮಿಷ, ಲೊರೇನ್ ಮೋಟೆಲ್. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಿದ್ದ ಬಾಲ್ಕನಿ ಅಲ್ಲೇ ಇದೆ, 306ನೇ ಕೋಣೆಯ ಮುಂದೆ ಹೂಚಕ್ರ ತೂಗುತ್ತಿದೆ. ಅವರು ಆ ಊರಿಗೆ ಬಂದದ್ದು ಯಾಕೆ ಗೊತ್ತೆ? ಕಸ ಎತ್ತುವವರಿಗಾಗಿ. ಫೆಬ್ರವರಿ 1ರಂದು ಮಳೆಯಲ್ಲಿ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು, ನಾನೂ ಮನುಷ್ಯ ಎಂದು ಬರೆದ ಫಲಕ ಹಿಡಿದು ನಡೆದರು. ಮೋಟೆಲಿನ ಒಳಗೆ ಆ ಫಲಕಗಳ ಮುಂದೆ ನಿಂತಾಗ ನಮ್ಮ ಪೌರಕಾರ್ಮಿಕರ ಮುಖಗಳು ಕಣ್ಣಿಗೆ ಬಂದವು. ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಒಂದು ದಿನ ಬಂದು ಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. 1982ರಲ್ಲಿ ಮೋಟೆಲ್ ಹರಾಜಿಗೆ ಬಂದಾಗ ಊರಿನವರೇ ಹಣ ಕೂಡಿಸಿ ಕೊಂಡರು, 1991ರಲ್ಲಿ ಮ್ಯೂಸಿಯಂ ಮಾಡಿದರು. ತಮ್ಮ ಊರಿಗೆ ಅಂಟಿದ ಕಳಂಕವನ್ನು ಕೆಡವಿ ಪಾರ್ಕಿಂಗ್ ಮಾಡಿಬಿಡುವುದು ಸುಲಭವಿತ್ತು. ಅವರು ಅದನ್ನೇ ಕಾಪಾಡಿದರು. ನಾನು ಮೆಂಫಿಸ್ ಅನ್ನುವುದು ಇದಕ್ಕೆ.

ಅದೇ ರೈಲಿನ ಕೊನೆಯ ನಿಲ್ದಾಣ ನ್ಯೂ ಆರ್ಲಿಯನ್ಸ್. ಅಲ್ಲಿ ಚಿಕೋರಿ ಬೆರೆಸಿದ ಕಾಫಿ ಕುಡಿದಾಗ ಅಮ್ಮನ ಫಿಲ್ಟರ್ ನೆನಪಾಗದೆ ಇರದು. 1835ರಿಂದ ಓಡುತ್ತಿರುವ ಸೇಂಟ್ ಚಾರ್ಲ್ಸ್ ಟ್ರಾಮ್ ಇದೆ. ನದೀತೀರದಲ್ಲಿ ಹೆದ್ದಾರಿ ಕಟ್ಟುವ ಯೋಜನೆಯನ್ನು ಊರವರು ವರ್ಷಗಟ್ಟಲೆ ವಿರೋಧಿಸಿ 1969ರಲ್ಲಿ ನಿಲ್ಲಿಸಿದರು. ಹಾಗಾಗಿ ಪ್ರವಾಸಿಗರೆಲ್ಲ ಮೆಚ್ಚುವ ಫ್ರೆಂಚ್ ಕ್ವಾರ್ಟರ್ ಇವತ್ತೂ ನದಿಗೆ ಮುಖ ಮಾಡಿದೆ. ಆದರೆ ಅಲ್ಲಿಂದ ಸ್ವಲ್ಪ ಹಿಂದಕ್ಕೆ ನಡೆಯಿರಿ. ಕ್ಲೈಬೋರ್ನ್ ಅವೆನ್ಯೂ ಕರಿಯರ ಪೇಟೆಬೀದಿಯಾಗಿತ್ತು, ನಡುವೆ ಓಕ್ ಮರಗಳ ಉದ್ದನೆಯ ಸಾಲು. 1966ರಲ್ಲಿ ಮರಗಳನ್ನು ಕಿತ್ತು ಮೇಲೆ ಹೆದ್ದಾರಿ ಎಬ್ಬಿಸಿದರು. ಅಲ್ಲಿಯ ಜನರ ಮಾತು ಯಾರೂ ಕೇಳಲಿಲ್ಲ. ಈಗ ಆ ಕಾಂಕ್ರೀಟ್ ಕಂಬಗಳ ಮೇಲೆ ಓಕ್ ಮರಗಳ ಚಿತ್ರ ಬರೆದಿದ್ದಾರೆ, ಅವುಗಳ ಕೆಳಗೇ ಕಹಳೆ ಊದುತ್ತಾ ಮೆರವಣಿಗೆ ಹೋಗುತ್ತಾರೆ. ಒಂದೇ ಊರು, ಅದೇ ದಶಕ. ಒಂದು ಬೀದಿ ಉಳಿಯಿತು, ಒಂದು ಹೋಯಿತು. ಯಾರ ಊರು ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಆ ದೇಶದಲ್ಲಿ ಬೇರೆಲ್ಲೂ ಸಿಗಲಿಲ್ಲ.

ಬೆಂಗಳೂರಿನಲ್ಲಿ 2016ರಲ್ಲಿ ಉಕ್ಕಿನ ಮೇಲ್ಸೇತುವೆ ಬೇಡವೆಂದು ಜನ ರಸ್ತೆಯುದ್ದಕ್ಕೂ ಸಾಲಾಗಿ ನಿಂತಿದ್ದರಲ್ಲ, ಮರು ವರ್ಷ ಸರ್ಕಾರ ಅದನ್ನು ಕೈಬಿಟ್ಟಿತಲ್ಲ, ಕ್ಲೈಬೋರ್ನ್ ಕೆಳಗೆ ನಿಂತು ಅದನ್ನೂ ನೆನೆದೆ.

ನಿಮ್ಮ ಮನೆಯಿಂದಲೂ ಯಾರಾದರೂ ಓದಲು ಹೊರಟಿದ್ದರೆ ಒಂದು ಮಾತು ಹೇಳಿಬಿಡಿ. ರಜೆಯನ್ನೆಲ್ಲ ಔಟ್‌ಲೆಟ್ ಮಾಲ್‌ಗಳಲ್ಲಿ ಕಳೆಯುವುದು ಬೇಡ. ಒಂದು ರಜೆಯಲ್ಲಾದರೂ ಚಿಕಾಗೋದ ಯೂನಿಯನ್ ಸ್ಟೇಷನ್ನಿನಲ್ಲಿ ರಾತ್ರಿ ರೈಲು ಹತ್ತಿ ಮೆಂಫಿಸ್‌ನಲ್ಲಿ ಇಳಿಯಲಿ, ಲೊರೇನ್ ಮೋಟೆಲಿಗೆ ಇಡೀ ದಿನ ಇಟ್ಟುಕೊಳ್ಳಲಿ. ಮಂಗಳವಾರ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ, ಅದೊಂದನ್ನು ನೋಡಿಕೊಂಡು ಟಿಕೆಟ್ ಮಾಡಿಸಲಿ.